ಅಕ್ಕ ಬರೆದುಕೊಟ್ಟ ವಂದನಾರ್ಪಣೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

'ಪ್ರೀತಿಯ' ಎಂದು ಬರೆದದ್ದು ರೂಢಿಗೆ. ಅದರಲ್ಲಿ ಹೆಚ್ಚಿನದೇನನ್ನೂ ಹುಡುಕಬೇಡ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದು ನಿನ್ನ ನಿವೃತ್ತಿ ಸಮಾರಂಭದ ಆಮಂತ್ರಣ ಪತ್ರಿಕೆಯ ಫೋಟೋ ನೋಡಿದರೇ ಗೊತ್ತಾಗುತ್ತದೆ. ಮುಖ್ಯೋಪಾಧ್ಯಾಯಿನಿಯ ಕುರ್ಚಿ ಬಿಟ್ಟು ಹೋಗುವವರ ಮುಖ ಅಷ್ಟು ಕಳೆಕಳೆಯಾಗಿ ಇರುವುದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಉತ್ತರ ತಡವಾಯಿತು, ಕ್ಷಮಿಸು. ಕೈ ತುಂಬ ಕೆಲಸವಿತ್ತು ಎಂದು ಸುಳ್ಳು ಹೇಳಬಹುದು, ಆದರೆ ಕೆಲಸವೇನೂ ಇರಲಿಲ್ಲ. ನಿನ್ನ ಲಕೋಟೆಯನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ತುರುಕಿಟ್ಟಿದ್ದೆ. ದಿನಕ್ಕೊಮ್ಮೆ ತೆಗೆಯುವುದು, ಓದುವುದು, ಮೈಯೆಲ್ಲ ಉರಿಸಿಕೊಳ್ಳುವುದು, ಮತ್ತೆ ಅಲ್ಲೇ ಇಡುವುದು. ಇವತ್ತು ನಮ್ಮವರು ತಟ್ಟೆ ಮುಂದೆ ಕೂತು, "ಒಂದೋ ಅದಕ್ಕೆ ಉತ್ತರ ಬರಿ, ಇಲ್ಲಾ ಹರಿದು ಬಿಸಾಕು. ನಿಮ್ಮಕ್ಕನ ಮೇಲಿನ ಸಿಟ್ಟೆಲ್ಲ ನನ್ನ ಊಟದ ಉಪ್ಪಿಗೆ ಬೀಳ್ತಿದೆ" ಎಂದರು. ಅವರ ನಾಲಗೆ ಉಳಿಸುವ ಸಲುವಾಗಿ ಈ ಪತ್ರ.

ಆಮಂತ್ರಣದಲ್ಲಿ ಕೊನೆಯ ಸಾಲು 'ವಂದನಾರ್ಪಣೆ: ಸಹೋದರಿ'. ನನ್ನನ್ನು ಒಂದು ಮಾತು ಕೇಳದೆ ಅಚ್ಚು ಹಾಕಿಸಿದ್ದೀಯ, ಅದು ಹೊಸದೇನಲ್ಲ. ಆದರೆ ಅದರ ಜೊತೆ ಪಿನ್ನು ಚುಚ್ಚಿ ಕಳಿಸಿದ್ದೀಯಲ್ಲ, ಟೈಪು ಮಾಡಿದ ಆ ಹಾಳೆ! ನಾನು ಆಡಬೇಕಾದ ಮಾತನ್ನು ನೀನೇ ಬರೆದು ಕಳಿಸಿದ್ದೀಯ. "ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚು ಮಾತನಾಡುವವಳಲ್ಲ. ಚಿಕ್ಕಂದಿನಿಂದಲೂ ಅಕ್ಕನೇ ನನ್ನ ದನಿ." ಅದರ ಮುಂದೆ ಕಂಸದಲ್ಲಿ, 'ಇಲ್ಲಿ ಸ್ವಲ್ಪ ನಿಲ್ಲಿಸು.' ಇನ್ನೆರಡು ಸಾಲು ಕೆಳಗೆ, 'ಇಲ್ಲಿ ನನ್ನ ಕಡೆ ನೋಡು.' ನೋಡಿ ಏನು ಮಾಡಲಿ? ಕಣ್ಣೀರು ಎಷ್ಟು ಹನಿ ಎಂದೂ ಬರೆಯಬೇಕಿತ್ತು. ಕೊನೆಗೆ ನಿನ್ನ ಮುತ್ತಿನಂಥ ಕೈಬರಹದಲ್ಲಿ ಒಂದು ಟಿಪ್ಪಣಿ: "ನೀನು ಸಂಜೆ ಕಾಲೇಜಿನಲ್ಲಿ ಭಾಷಣ ಕಲಿಯುತ್ತಿದ್ದೀಯಂತೆ, ಬಹಳ ಸಂತೋಷ. ಆದರೂ ಅಷ್ಟು ಜನರ ಮುಂದೆ ನಿನಗೆ ಕಷ್ಟವಾಗಬಾರದೆಂದು ನಾನೇ ಬರೆದಿದ್ದೇನೆ. ನಿಧಾನವಾಗಿ ಓದು, ಸಾಕು."

ಸಂತೋಷವಂತೆ. ನಾನು ಕಾಲೇಜಿಗೆ ಯಾಕೆ ಸೇರಿದೆ ಎಂದು ಕೇಳುವಷ್ಟು ಪುರುಸೊತ್ತು ನಿನಗಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಮ್ಮ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಮುಖ್ಯಸ್ಥೆಯ ಜಾಗ ಖಾಲಿಯಾಗಿದೆ. ಡಾಕ್ಟರು ನನ್ನನ್ನು ಕರೆದು, "ಕೈಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಆದ್ರೆ ಮುಖ್ಯಸ್ಥೆ ಅಂದ್ಮೇಲೆ ನಾಲ್ಕು ಜನರ ಹತ್ರ ಮಾತಾಡ್ಬೇಕು, ಹೊಸಬರಿಗೆ ಹೇಳಿಕೊಡ್ಬೇಕು. ನೀವೋ ಪ್ಲಾಸ್ಟರ್ ಅಚ್ಚಿಗಿಂತ ಮೌನ. ಒಂದು ಡಿಪ್ಲೊಮಾ ಮಾಡ್ಕೊಂಡು ಬನ್ನಿ" ಎಂದರು. ಆ ಡಿಪ್ಲೊಮಾದಲ್ಲಿ ಎಲ್ಲರಿಗೂ ಕಡ್ಡಾಯವಾದ ಒಂದು ವಿಷಯ ಸಾರ್ವಜನಿಕ ಭಾಷಣ. ಅದರಲ್ಲಿ ಪಾಸಾಗದಿದ್ದರೆ ಉಳಿದದ್ದರಲ್ಲಿ ಎಷ್ಟು ಬಂದರೂ ಪ್ರಯೋಜನವಿಲ್ಲ. ಊರಿಗೆಲ್ಲ ಬಾಯಿ ಕಟ್ಟಿಕೊಡುವವಳಿಗೆ ತನ್ನ ಬಾಯೇ ಇಲ್ಲ ಎಂದು ಲ್ಯಾಬಿನ ಹುಡುಗಿಯರು ನಕ್ಕರು. ನಾನೂ ನಕ್ಕೆ. ಒಳಗೆ ಏನಾಯಿತು ಎಂಬುದು ಬೇರೆ.

ಕ್ಲಾಸು ಕಾಲೇಜಿನ ಮೇಲಿನ ಮಹಡಿಯಲ್ಲಿ. ಹಗಲು ಹುಡುಗರು ಕೂತು ಎದ್ದುಹೋದ ಬೆಂಚುಗಳು. ಮೇಲೆ ಒಂದು ಟ್ಯೂಬ್‌ಲೈಟು ಸದಾ ಗುಂಯ್‌ಗುಡುತ್ತಿರುತ್ತದೆ. ಮೇಷ್ಟ್ರು ಸಣಕಲು ಆಸಾಮಿ. ಅಷ್ಟು ದೊಡ್ಡ ದನಿಯನ್ನು ಆ ಮೈಯಲ್ಲಿ ಎಲ್ಲಿಟ್ಟುಕೊಂಡಿದ್ದಾರೋ ಗೊತ್ತಿಲ್ಲ. ಅವರ ಮೇಜಿನ ಮೇಲೆ ಒಂದು ಗಂಟೆ ಇದೆ, ಆಫೀಸುಗಳಲ್ಲಿ ಜವಾನನನ್ನು ಕರೆಯಲು ಬಾರಿಸುತ್ತಾರಲ್ಲ, ಅಂಥದ್ದು. ಭಾಷಣ ಮಾಡುವವರು ಕೆಲಸಕ್ಕೆ ಬಾರದ ಕಡೆ 'ಅಂದ್ರೆ' ಎಂದರೆ ಟಿಣ್. 'ಅದೇನಂದ್ರೆ' ಎಂದರೆ ಟಿಣ್. ಬಾರಿಸುವ ಕೆಲಸ ಒಬ್ಬ ನರ್ಸಮ್ಮನದು. ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರವಾಗಿ ಬರುತ್ತಾಳೆ, ಕಣ್ಣು ಮುಚ್ಚಿಕೊಂಡೇ ಕೂತಿರುತ್ತಾಳೆ, ಒಂದು 'ಅಂದ್ರೆ' ತಪ್ಪಿಸಿಕೊಳ್ಳಲಿ ನೋಡೋಣ! ಮೊದಲ ದಿನ ನಾನು ಎದ್ದು, "ನಾನು ಅಂದ್ರೆ" ಎಂದೆ. ಟಿಣ್. "ನನ್ನ ಕೆಲಸ ಅಂದ್ರೆ, ಅದೇನಂದ್ರೆ" ಎಂದೆ. ಟಿಣ್, ಟಿಣ್. ಆಮೇಲೆ ಗಂಟೆಯೇ ಭಾಷಣ ಮಾಡಿತು, ನಾನು ನಡುವೆ ನಡುವೆ ಮಾತಾಡಿದೆ.

ಇನ್ನೊಂದು ಫಜೀತಿ ಕೇಳು. ಎದುರಿನವರ ಕಣ್ಣು ನೋಡಿ ಮಾತಾಡಬೇಕಂತೆ. ಇಷ್ಟು ವರ್ಷ ಜನರ ಬಾಯಿ ನೋಡಿಯೇ ಬದುಕಿದವಳಿಗೆ ಕಣ್ಣು ಎಲ್ಲಿಂದ ಕಾಣಬೇಕು? ಮುಂದಿನ ಬೆಂಚಿನಲ್ಲಿ ಒಬ್ಬ ವಿಮೆ ಏಜೆಂಟ್ ಕೂರುತ್ತಿದ್ದ. ನನಗೆ ಗೊತ್ತಿಲ್ಲದೆ ಇಡೀ ಭಾಷಣ ಅವನ ಮುಂದಿನ ಹಲ್ಲಿಗೇ ಮಾಡಿಬಿಟ್ಟೆ. ಪಾಪ, ಅರ್ಧಕ್ಕೆ ಕರವಸ್ತ್ರ ತೆಗೆದು ಬಾಯಿ ಮುಚ್ಚಿಕೊಂಡ. ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಮೇಡಂ, ಇದು ಕಟ್ಟಿಸಿದ ಹಲ್ಲು ಅಂತ ಅಷ್ಟು ಗೊತ್ತಾಗುತ್ತಾ?" ಎಂದು ಕೇಳಿದ. "ಗೊತ್ತಾಗುತ್ತೆ, ಪಕ್ಕದ್ದಕ್ಕಿಂತ ಸ್ವಲ್ಪ ಜಾಸ್ತಿ ಬೆಳ್ಳಗಿದೆ" ಎಂದೆ. ಅವತ್ತಿನಿಂದ ಅವನು ಕೊನೆಯ ಬೆಂಚಿಗೆ ಹೋದ.

ಇದನ್ನೆಲ್ಲ ಓದಿ ನೀನು ನಗುತ್ತಿರುತ್ತೀಯ, ಗೊತ್ತು. 'ಪಾಪ, ಸಣ್ಣೋಳು' ಎಂದು ತಲೆಯಾಡಿಸುತ್ತಿರುತ್ತೀಯ. ಆ 'ಪಾಪ' ಇದೆಯಲ್ಲ ಅಕ್ಕ, ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕಿವಿ ಎಂದಾಗ ನೆನಪಾಯಿತು. ಚಿಕ್ಕವರಿದ್ದಾಗ ನೀನು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. "ಎಲ್ಲಿ ನೋವು ಪುಟ್ಟೀ?" ಎಂದು ಅವರು ನನ್ನನ್ನು ಕೇಳಿದರು. ನೀನು ಮುಂದೆ ಬಂದು, "ಹೊಟ್ಟೆ ಸಾರ್, ನಿನ್ನೆಯಿಂದ ಅಳ್ತಾನೇ ಇದಾಳೆ" ಎಂದೆ. ನೋವಿದ್ದದ್ದು ಕಿವಿಯಲ್ಲಿ. ಹೊಟ್ಟೆಯ ಔಷಧಿ ಕೊಟ್ಟರು, ನಾನು ಬಾಯಿ ಮುಚ್ಚಿಕೊಂಡು ಕುಡಿದೆ. ಬಟ್ಟೆ ಅಂಗಡಿಯಲ್ಲಿ ನನಗೆ ಯಾವ ಬಣ್ಣ ಇಷ್ಟ ಎಂದು ನೀನು ಹೇಳುತ್ತಿದ್ದೆ. ನೆಂಟರ ಮನೆಯಲ್ಲಿ ನನಗೆ ಹಸಿವಿಲ್ಲ ಎಂದು ನೀನು ಹೇಳುತ್ತಿದ್ದೆ. ಅಂಥ ಹಸಿವು ನನಗೆ ಮತ್ತೆಲ್ಲೂ ಆಗಿಲ್ಲ. ನಾನು ಬಾಯಿ ತೆರೆಯುವುದರೊಳಗೆ ನಿನ್ನದು ಮುಗಿದಿರುತ್ತಿತ್ತು. ಕೊನೆಕೊನೆಗೆ ತೆರೆಯುವುದನ್ನೇ ಬಿಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರು ಕಳೆದ ತಿಂಗಳು ಒಂದು ವಿಚಿತ್ರ ಅಭ್ಯಾಸ ಕೊಟ್ಟರು. "ಇಷ್ಟವಾದೋರನ್ನ ಹೊಗಳೋದು ಯಾರಿಗೂ ಬರುತ್ತೆ. ನೀವು ಯಾರನ್ನ ಕಂಡ್ರೆ ಉರಿದು ಬೀಳ್ತೀರೋ ಅವರನ್ನ ಹೊಗಳಿ. ಸುಳ್ಳು ಹೇಳೋ ಹಾಗಿಲ್ಲ. ನಿಜವಾಗ್ಲೂ ಇರೋ ಗುಣ ಹುಡುಕಿ ಹೇಳ್ಬೇಕು" ಎಂದರು. ವಿಮೆ ಏಜೆಂಟ್ ತನ್ನ ಮ್ಯಾನೇಜರನನ್ನು ಹೊಗಳಿದ. ನರ್ಸಮ್ಮ ಅತ್ತೆಯನ್ನು ಹೊಗಳಿದಳು, ಅದೂ ಎಷ್ಟು ಚೆನ್ನಾಗಿ ಎಂದರೆ ನಮಗೆಲ್ಲ ಆ ಅತ್ತೆಯ ಮೇಲೆ ಭಯ ಬಂತು. ನಾನು ಯಾರನ್ನು ಆರಿಸಿಕೊಳ್ಳಲಿ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ನಿನ್ನನ್ನೇ.

ಹೊಗಳಿದೆ ಅಕ್ಕ. ನಿನ್ನ ಮೇಲೆ ಎಷ್ಟು ಕೋಪವಿದ್ದರೂ ಹೊಗಳಲು ಸಿಕ್ಕಿತು, ಅದಕ್ಕೆ ಇನ್ನೂ ಕೋಪ ಬಂತು. ಶಾಲೆಯಲ್ಲಿ ಲೆಕ್ಕದ ಟೀಚರು ನಾನು ಉತ್ತರ ಹೇಳಲಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದ್ದರು. ನೀನು ನಿನ್ನ ಕ್ಲಾಸು ಬಿಟ್ಟು ಬಾಗಿಲಿಗೆ ಬಂದು, "ಅವಳಿಗೆ ಉತ್ತರ ಗೊತ್ತು ಟೀಚರ್. ಬಾಯಲ್ಲಿ ಬರಲ್ಲ ಅಷ್ಟೇ. ಬೋರ್ಡಿನ ಮೇಲೆ ಬರೆಸಿ ನೋಡಿ" ಎಂದೆ. ಎಲ್ಲರೂ ನಿನ್ನ ಧೈರ್ಯ ನೋಡಿದರು. ಬೆಂಚಿನ ಮೇಲಿದ್ದ ನನಗೆ ಮಾತ್ರ ನಿನ್ನ ಲಂಗದ ಅಂಚು ನಡುಗುತ್ತಿದ್ದದ್ದು ಕಂಡಿತು. ಆಮೇಲೆ, ಅಪ್ಪ ನನ್ನನ್ನು ಓದು ಬಿಡಿಸಿದಾಗ ಈ ಡಾಕ್ಟರ ಲ್ಯಾಬಿಗೆ ಕರೆತಂದವಳೂ ನೀನೇ. "ನನ್ನ ತಂಗಿ ಕೈ ಬಹಳ ಚುರುಕು ಸಾರ್. ಬಾಯಿಲ್ಲ. ನಿಮಗೂ ಬಾಯಿಲ್ಲದೋರೇ ಅಲ್ವಾ ಬೇಕಾಗಿರೋದು?" ಎಂದೆ. ಡಾಕ್ಟರು ನಕ್ಕು ಕೆಲಸ ಕೊಟ್ಟರು. ನಾನು ಇವತ್ತು ಉಣ್ಣುವ ಅನ್ನ ನಿನ್ನ ಆ ಕುಚೋದ್ಯದಿಂದ ಬಂದದ್ದು. ಇದನ್ನೂ ಹೇಳಿದೆ. ಹೇಳುತ್ತ ಹೋದಂತೆ ಗಂಟೆ ಒಂದು ಸಲವೂ ಬಡಿಯಲಿಲ್ಲ ಎಂಬುದು ಮುಗಿದ ಮೇಲೆ ಗೊತ್ತಾಯಿತು.

ಚಪ್ಪಾಳೆ ಹೊಡೆದರು. ಮೇಷ್ಟ್ರು ಮಾತ್ರ ಕೈ ಕಟ್ಟಿ ನಿಂತಿದ್ದರು. "ಭಾಷಣ ಚೆನ್ನಾಗಿತ್ತು. ಆದ್ರೆ ಈ ಅಕ್ಕನ್ನ ಕಂಡ್ರೆ ನಿಮಗೆ ಯಾಕೆ ಆಗಲ್ಲ, ನನಗೆ ಗೊತ್ತಾಗ್ಲಿಲ್ಲ" ಎಂದರು.

"ಅದು ಬೇರೆ ಕಥೆ ಸಾರ್" ಎಂದೆ.

"ಹಾಗಾದ್ರೆ ಮುಂದಿನ ವಾರ ಆ ಬೇರೆ ಕಥೆ ಹೇಳಿ. ಅದನ್ನೇ ನಿಮ್ಮ ಪರೀಕ್ಷೆ ಭಾಷಣ ಅಂತ ತಗೋತೀನಿ."

ಆ ವಾರವಿಡೀ ಮೇಣ ಕರಗಿಸುವಾಗ, ಅಚ್ಚು ಒಡೆಯುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಮನಸ್ಸಿನಲ್ಲೇ ಭಾಷಣ ಕಟ್ಟಿದೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರೂ ನನಗೆ ಕೇಳಿಸಲಿಲ್ಲ. ಕ್ಲಾಸಿನಲ್ಲಿ ಎದ್ದು ಏನು ಹೇಳಿದೆ ಎಂಬುದನ್ನು ನಿನಗೂ ಹೇಳುತ್ತೇನೆ. ಅಪರಿಚಿತರೆಲ್ಲ ಕೇಳಿದ್ದಾರೆ, ನೀನೂ ಕೇಳು.

ಅಮ್ಮ ಕೊನೆಯ ವರ್ಷಗಳಲ್ಲಿ ನಮ್ಮ ಮನೆಯಲ್ಲಿದ್ದಳು. ಪಾರ್ಶ್ವವಾಯು ಹೊಡೆದು ಮುಖದ ಎಡಭಾಗ ಜೋತುಬಿತ್ತು. ನಾನೇ ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟು ಆಮೇಲೆ ಕೂರಲಿಲ್ಲ. ದಿನಾ ಲ್ಯಾಬಿಗೆ ಒಯ್ದು ಒಂದೊಂದು ಚೂರು ಉಜ್ಜಿ ತಂದು ಹಾಕುತ್ತಿದ್ದೆ. ಅನ್ನ ಮಿದ್ದು ತಿನ್ನಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ, ಹಾಸಿಗೆ ಎಲ್ಲ ನಾನು ಮತ್ತು ನಮ್ಮವರು. ನೀನು ರಜೆ ಬಂದಾಗ ಹಣ್ಣಿನ ಚೀಲ ಹಿಡಿದು ಬರುತ್ತಿದ್ದೆ. ಮಂಚದ ಮೇಲೆ ಕೂತು ಶಾಲೆಯ ಸುದ್ದಿಯೆಲ್ಲ ಹೇಳುತ್ತಿದ್ದೆ, ಇನ್‌ಸ್ಪೆಕ್ಟರನ ಅಣಕ ಮಾಡಿ ತೋರಿಸುತ್ತಿದ್ದೆ. ಅಮ್ಮ ಇದ್ದ ಅರ್ಧ ಮುಖದಲ್ಲೇ ನಗುತ್ತಿದ್ದಳು. ನನ್ನ ಮುಂದೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಸಂಜೆ ಬಸ್ಸಿಗೆ ನೀನು ಹೊರಟರೆ, ರಾತ್ರಿಯ ಊಟ ಬೇಡವೆಂದು ಅವಳು ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಅವಳನ್ನು ಒಲಿಸಿ ತಿನ್ನಿಸಬೇಕಾದವಳು ನಾನು.

ಕೊನೆಯ ವಾರ ನಿನಗೆ ಫೋನ್ ಮಾಡಿ ಬೇಗ ಬಾ ಎಂದೆ. "ಪರೀಕ್ಷೆ ನಡೀತಿದೆ ಕಣೇ, ಮುಗಿಸ್ಕೊಂಡು ಬರ್ತೀನಿ. ಅಮ್ಮನಿಗೆ ಹೇಳು" ಎಂದೆ ನೀನು. ಪರೀಕ್ಷೆ ಮುಗಿಯುವುದರೊಳಗೆ ಅಮ್ಮನದೂ ಮುಗಿಯಿತು. ಮತ್ತೆ ಫೋನ್ ಮಾಡಿದೆ. ನೀನು ಅತ್ತುಬಿಟ್ಟೆ. "ಏನಾದ್ರೂ ಅಂದ್ಲಾ ಕೊನೆಗೆ?" ಎಂದು ಕೇಳಿದೆ. "ನಿನ್ನನ್ನ ಕರೆದಳು" ಎಂದೆ. ಅಷ್ಟೇ ಹೇಳಿದ್ದು ನಾನು.

ಶ್ರದ್ಧಾಂಜಲಿ ಸಭೆಗೆ ನಾನು ನಾಲ್ಕು ಮಾತು ಬರೆದು, ಬಾಯಿಪಾಠ ಮಾಡಿ, ಸೆರಗಿನಡಿ ಕೈ ಬಿಗಿಹಿಡಿದು ಕೂತಿದ್ದೆ. ನಿನ್ನ ಮಾತು ಮುಗಿಯುತ್ತ ಬಂದಾಗ ಎದ್ದೂ ನಿಂತೆ. ನೀನು ನೋಡಿದೆ. ನೋಡಿಲ್ಲ ಎನ್ನಬೇಡ, ನಮ್ಮಿಬ್ಬರ ಕಣ್ಣು ಸೇರಿದವು. ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡು, "ನನ್ನ ತಂಗಿ ಮಾತಿನವಳಲ್ಲ, ಅವಳ ಪರವಾಗಿಯೂ ನಾನೇ ಎರಡು ಮಾತು ಹೇಳ್ತೀನಿ" ಎಂದೆ. ನಾನು ಎದ್ದವಳು ಎದ್ದೇ ಇದ್ದೆ. ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಹಿಂದಿನ ಸಾಲಿನವರು ಯಾರೋ, "ಅಮ್ಮಾ, ನೀರು ಈ ಕಡೆಗೂ ಕೊಡಿ" ಎಂದರು. ನೀರು ಕೊಡಲು ಎದ್ದಿದ್ದೇನೆ ಎಂದುಕೊಂಡರು. ನಾನು ಜಗ್ಗು ತೆಗೆದುಕೊಂಡು ಸಾಲುಸಾಲಿಗೂ ನೀರು ಕೊಟ್ಟೆ. ಅಮ್ಮನ ಕೊನೆಯ ಮಾತು ನಿನ್ನನ್ನು ಕರೆದದ್ದು ಎಂದು ನೀನು ಮೈಕಿನಲ್ಲಿ ಹೇಳುವಾಗ ನಾನು ಒಬ್ಬ ಮುದುಕರ ಲೋಟ ತುಂಬಿಸುತ್ತಿದ್ದೆ. ಅವರು ಕಣ್ಣೊರೆಸಿಕೊಂಡು, "ನಿಮ್ಮಕ್ಕ ಎಷ್ಟು ಚೆನ್ನಾಗಿ ಮಾತಾಡ್ತಾರಮ್ಮ" ಎಂದರು. ನಾನು ಹೂಂ ಎಂದೆ.

ಇಲ್ಲಿಯವರೆಗೆ ಕ್ಲಾಸಿನಲ್ಲಿ ಸರಾಗವಾಗಿ ಹೇಳಿದೆ. ಆಗ ಒಬ್ಬ ಹುಡುಗಿ ತಡೆಯಲಾರದೆ, "ಅದು ಸುಳ್ಳಾ ಮೇಡಂ? ಅವರ ಕೊನೇ ಮಾತು ಅದಲ್ವಾ?" ಎಂದು ಕೇಳಿಬಿಟ್ಟಳು. ನಾನು ಬಾಯಿ ತೆರೆದೆ. "ಅದು ಅಂದ್ರೆ" ಎಂದೆ. "ಅಂದ್ರೆ, ಅದೇನಂದ್ರೆ" ಎಂದೆ. ಗಂಟೆ ಬಡಿಯುತ್ತದೆ ಎಂದು ಕಾದೆ. ನರ್ಸಮ್ಮ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು; ಗಂಟೆಯ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದಳು.

ಮೇಷ್ಟ್ರು ಅಂಕ ಕೊಡಲಿಲ್ಲ. "ಇದು ಮುಗಿದಿಲ್ಲ. ಕೊನೇ ಭಾಗ ನನ್ನ ಮುಂದೆ ಹೇಳ್ಬೇಕು ಅಂತಿಲ್ಲ. ಯಾರ ಮುಂದೆ ಹೇಳ್ಬೇಕೋ ಅವರ ಮುಂದೆ ಹೇಳಿ. ಹೇಳಿಬಂದೆ ಅಂದ್ರೆ ನಾನು ನಂಬ್ತೀನಿ" ಎಂದರು. ಹಾಗಾಗಿ ನನ್ನ ಪಾಸು ಫೇಲು ಈಗ ನಿನ್ನ ತಲೆಯ ಮೇಲಿದೆ. ನಿನಗೆ ಅದೂ ಒಂದು ಹೆಮ್ಮೆಯಾಗಬಹುದು.

ಈಗ ಸ್ಪಷ್ಟವಾಗಿ ಕೇಳಿಸಿಕೋ. ನೀನು ಟೈಪು ಮಾಡಿದ ಹಾಳೆ ಈ ಪತ್ರದ ಜೊತೆಗೇ ವಾಪಸ್ ಬರುತ್ತಿದೆ. ಅದನ್ನು ನಾನು ಓದುವುದಿಲ್ಲ. ಬೇಕಿದ್ದರೆ ನೀನೇ ಓದಿಕೋ, ನಿನ್ನ ಕಡೆಗೇ ತಿರುಗಿ ನೋಡಿಕೋ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿಕೋ. ನಾನು ಬಂದರೆ ನನ್ನ ಮಾತು ನಾನು ಆಡುತ್ತೇನೆ. ವಂದನಾರ್ಪಣೆಯಲ್ಲ, ಎಲ್ಲರೂ ಎದ್ದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಆಡುವ ಮಾತು ನನಗೆ ಬೇಡ. ನಿನಗಿಂತ ಮೊದಲು, ಸಭೆ ತುಂಬಿರುವಾಗ. ಅಮ್ಮನ ವಿಷಯ ಅವತ್ತು ನೀನು ಎತ್ತಕೂಡದು. ಎತ್ತುವುದಿದ್ದರೆ ನಾನು ಎತ್ತುತ್ತೇನೆ. ಇದಕ್ಕೆ ಒಪ್ಪಿಗೆಯಿದ್ದರೆ ಹೂಂ ಎಂದು ಬರಿ, ಇಲ್ಲದಿದ್ದರೆ ಇಲ್ಲ ಎಂದು ಬರಿ. ನಡುವೆ ಬುದ್ಧಿಮಾತು ಬೇಡ. 'ಸಭೆಯಲ್ಲಿ ನಿನಗೆ ಗಂಟಲು ಕಟ್ಟಿದರೆ?' ಎಂದು ಕೇಳಬೇಡ. ಕಟ್ಟಿದರೆ ಕಟ್ಟಲಿ, ಜನ ನೋಡಲಿ. ಅಷ್ಟು ಹೊತ್ತು ನೀನು ಮಾತಾಡದೆ ಕೂತಿರುವುದನ್ನೂ ಜನ ನೋಡಲಿ.

ನಮ್ಮವರು ಇದನ್ನು ಓದಿ, "ಸ್ವಲ್ಪ ಖಾರ ಕಡಿಮೆ ಮಾಡ್ಬಹುದಿತ್ತು" ಎಂದರು. ಊಟಕ್ಕೆ ಹೇಳುವ ಮಾತನ್ನು ಪತ್ರಕ್ಕೂ ಹೇಳುತ್ತಾರೆ. ಅವರು ನಿನ್ನನ್ನು ಕೇಳಿದ್ದಾರೆ. ಅವರಿಗೆ ನೀನೆಂದರೆ ಇವತ್ತಿಗೂ ಗೌರವ, ಅದು ಅವರ ಹಣೆಬರಹ. ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಸಬೇಡ. ಮಗಳಿಗೆ ನನ್ನ ಆಶೀರ್ವಾದ. ಅವಳ ಪುಟ್ಟ ಕೂಸಿಗೆ ಹಲ್ಲು ಬರುತ್ತಿದೆ ಎಂದು ಕೇಳಿ ಖುಷಿಯಾಯಿತು, ನೂರು ಕಾಲ ಸುಖವಾಗಿ ಬಾಳಲಿ. ಅದು ಏನಾದರೂ ಹೇಳಲು ಬಾಯಿ ತೆರೆದರೆ ಪೂರ್ತಿ ಹೇಳಲು ಬಿಡು. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವಳು ನಾನಲ್ಲ, ನಮಸ್ಕಾರ ಮಾಡುವ ಮನಸ್ಸು ಇವತ್ತು ಇಲ್ಲ. ಆರೋಗ್ಯ ನೋಡಿಕೋ.

ಇಂತಿ,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಸಭೆಯಲ್ಲಿ ಇದನ್ನು ಹೇಳಲು ನನ್ನಿಂದಾಗದು, ಆ ಹುಡುಗಿಗೂ ಹೇಳಲಾಗಲಿಲ್ಲ. ನಿನಗೆ ಬರೆದು ಮುಗಿಸುತ್ತೇನೆ.

ಅಮ್ಮ ನಿನ್ನನ್ನು ಕರೆದದ್ದು ನಿಜ. ಬೆಳಗ್ಗೆ ನಾನು ಅವಳ ತುಟಿ ಒರೆಸುತ್ತಿದ್ದೆ. ನನ್ನ ಮುಖವನ್ನೇ ನೋಡಿಕೊಂಡು, "ದೊಡ್ಡೋಳೇ, ಬಂದ್ಯಾ?" ಎಂದಳು. "ಇಲ್ಲಮ್ಮ, ನಾನು ಸಣ್ಣೋಳು" ಎಂದೆ. ಮುಖ ಬಾಗಿಲ ಕಡೆ ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಉಸಿರು ಎಳೆಯುತ್ತಿತ್ತು. ಇನ್ನೊಂದು ಸಲ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ ಅಕ್ಕ. ನೀನು ಶಾಲೆಯಲ್ಲಿ ಮಾತಾಡುತ್ತೀಯಲ್ಲ, ಹಾಗೆ ದನಿ ಎತ್ತರಿಸಿ, "ಬಂದೆ ಅಮ್ಮ, ನಾನೇ ದೊಡ್ಡೋಳು" ಎಂದೆ. ಅವಳು ನಂಬಿದಳು. ಅಷ್ಟು ವರ್ಷ ತಿನ್ನಿಸಿ ಮಲಗಿಸಿದ ನನ್ನ ಕೈಯನ್ನು ನಿನ್ನದೆಂದು ಗಟ್ಟಿಯಾಗಿ ಹಿಡಿದುಕೊಂಡಳು. ಅರ್ಧ ಮುಖದಲ್ಲಿ ನಕ್ಕಳು.

ಆಮೇಲೆ ಹೇಳಿದ್ದು ಅವಳ ಕೊನೆಯ ಮಾತು. ಅದನ್ನು ನಾನು ಯಾರಿಗೂ ಹೇಳಿಲ್ಲ, ನಮ್ಮವರಿಗೂ ಇಲ್ಲ. "ಸಣ್ಣೋಳಿಗೆ ಮಾತು ಬರಲ್ಲ ಕಣೇ. ನನ್ನ ಜೊತೇಲೂ ಮಾತಾಡಲ್ಲ. ಹಿಂಗೇ ಇದ್ರೆ ಅವಳನ್ನ ಯಾರು ಕೇಳ್ತಾರೆ? ಅವಳ ಪರವಾಗಿ ನೀನೇ ನಾಲ್ಕು ಮಾತಾಡು" ಎಂದಳು.

ನಾನು ನಿನ್ನ ದನಿಯಲ್ಲೇ, "ಆಯ್ತಮ್ಮ" ಎಂದೆ.